ಗಚ್ಚುಗಾರೆಯ ಗುಣ

ಯಾದಗಿರಿಯ ಬೆಟ್ಟದ ಕೋಟೆ, ಶಹಾಪುರದ ಬಳಿಯ ಗೋಗಿಯಲ್ಲಿರುವ ಆದಿಲ್‌ಶಾಹಿ ಅರಸರ ಸಮಾಧಿಗಳು, ಸುರಪುರದಲ್ಲಿ ಮೆಡೋಸ್ ಟೇಲರನು 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ – ಇವೆಲ್ಲ ಈ ನಾಡಿಗೆ ಸಿಮೆಂಟು ಬರುವುದಕ್ಕೆ ಮೊದಲಿನವು. ಭೀಮಾ ಸೀಮೆಯಲ್ಲಿ ಸುಣ್ಣದ ಕಲ್ಲು ಹೇರಳ. ಅದನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಉಸುಕು ಬೆರೆಸಿ ಅರೆದರೆ ಗಚ್ಚುಗಾರೆ. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರುತ್ತ, ದಪ್ಪ ಗೋಡೆಯೊಳಗೆ ವರ್ಷಗಟ್ಟಲೆ ಕಾಲ ತೆಗೆದುಕೊಂಡು, ಅದು ಮತ್ತೆ ಕಲ್ಲಾಗುತ್ತದೆ.

ಈ ಗಾರೆಯೊಳಗಿನ ಸೂಕ್ಷ್ಮ ರಂಧ್ರಗಳನ್ನು ದೋಷವೆಂದು ಬಗೆಯುವವರುಂಟು. ಅದು ಸರಿಯಲ್ಲ. ಗೋಡೆ ಹೀರಿದ ಮಳೆನೀರು ಆ ರಂಧ್ರಗಳಿಂದಲೇ ಆವಿಯಾಗಿ ಹೊರಹೋಗುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿ, ಮಠಗಳ ಸಂದುಗಳಿಗೆ ಬರಿಯ ಸಿಮೆಂಟು ಮೆತ್ತಿದಾಗ ಆ ದಾರಿ ಕಟ್ಟಿಹೋಗುತ್ತದೆ. ಗಟ್ಟಿ ಕಲ್ಲಿನ ಗೋಡೆಯಾದರೆ ನೀರು ಒಡಲಲ್ಲೇ ನಿಂತು ಹಳೆಯ ಗಾರೆಯನ್ನು ಸಡಿಲಿಸುತ್ತದೆ. ಇಟ್ಟಿಗೆ, ಮೆದುಗಲ್ಲುಗಳಾದರೆ ಲವಣ ಹರಳುಗಟ್ಟಿ ಮೈಯೆಲ್ಲ ಪುಡಿಯಾಗಿ ಉದುರುತ್ತದೆ.

ಹೊಸ ಗೋಡೆಗೆ 1 ಪಾಲು ಸಿಮೆಂಟು, 1 ಪಾಲು ಸುಣ್ಣ, 6 ಪಾಲು ಉಸುಕಿನ ಮಿಶ್ರಗಾರೆ ಒಳ್ಳೆಯದೇ. ಸಿಮೆಂಟು ಬೇಗ ಬಿಗಿಯುತ್ತದೆ, ಸುಣ್ಣ ನೀರನ್ನು ಹಿಡಿದಿಟ್ಟು ಬಿರುಕು ತಗ್ಗಿಸುತ್ತದೆ. ಹಳೆಯ ಗುಡಿಯ ಸಂದಿಗೆ ಮಾತ್ರ ಸುಣ್ಣದ ಗಾರೆಯೇ ತಕ್ಕುದು. ಜೀರ್ಣೋದ್ಧಾರಕ್ಕೆ ಮುಂದಾಗುವ ಸದ್ಭಕ್ತರು ಗವಂಡಿಯನ್ನು ಈ ಕುರಿತು ಮೊದಲೇ ವಿಚಾರಿಸುವುದು ಲೇಸು.