ಸಾರ್ಕ್ ಸಂಘಟನೆ: ಸರ್ವಾನುಮತದ ಸೂತ್ರ ಮತ್ತು ಅದರ ಮಿತಿಗಳು

1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘಟನೆಯ (ಸಾರ್ಕ್) ಎರಡನೆಯ ಶೃಂಗಸಭೆ ಜರುಗಿತು. ಏಳು ರಾಷ್ಟ್ರಗಳ ನಾಯಕರು ಪಾಲ್ಗೊಂಡಿದ್ದ ಈ ಸಭೆಯಲ್ಲಿ ಕಠ್ಮಂಡುವಿನಲ್ಲಿ ಸಚಿವಾಲಯವನ್ನು ಸ್ಥಾಪಿಸುವ ಒಪ್ಪಂದವಾಯಿತು. ಅದೇ ದಿನಗಳಲ್ಲಿ, ಕಾರ್ಯಸೂಚಿಯ ಹೊರಗೆ, ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ ತಮಿಳರ ಸಮಸ್ಯೆಯನ್ನು ಚರ್ಚಿಸಿದರು. ಸಂಧಾನದ ಸಲುವಾಗಿ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನೂ ನಗರಕ್ಕೆ ಕರೆತರಲಾಗಿತ್ತು. ಆ ಹೊತ್ತಿನಲ್ಲಿ ಪ್ರದೇಶವನ್ನು ತೀವ್ರವಾಗಿ ಕಾಡುತ್ತಿದ್ದ ಪ್ರಶ್ನೆಯೊಂದು ಸಭೆಯ ಮೇಜಿಗೆ ಬರಲಾಗದೆ ಪಕ್ಕದ ಕೊಠಡಿಯಲ್ಲಿ ಉಳಿಯಿತು. ಈ ವಿರೋಧಾಭಾಸದ ಮೂಲವನ್ನೂ ಅದರ ಆರ್ಥಿಕ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾದೇಶಿಕ ಸಂಘಟನೆಯ ಪ್ರಸ್ತಾಪವನ್ನು 1980ರಲ್ಲಿ ಮುಂದಿಟ್ಟವರು ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರೆಹಮಾನ್. ನೆರೆಯ ಸಣ್ಣ ರಾಷ್ಟ್ರಗಳು ತನ್ನ ವಿರುದ್ಧ ಒಂದಾಗಬಹುದೆಂಬ ಶಂಕೆ ಭಾರತಕ್ಕಿದ್ದರೆ, ಭಾರತದ ಪ್ರಾಬಲ್ಯಕ್ಕೆ ಇದೊಂದು ಸಾಧನವಾಗಬಹುದೆಂಬ ಅಳುಕು ಪಾಕಿಸ್ತಾನಕ್ಕಿತ್ತು. ಈ ಎರಡೂ ಶಂಕೆಗಳಿಗೆ ಸಮಾಧಾನವಾಗಿ, 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಅಂಗೀಕೃತವಾದ ಸನ್ನದಿನ ಹತ್ತನೆಯ ವಿಧಿಯು ಎರಡು ನಿಯಮಗಳನ್ನು ವಿಧಿಸಿತು: ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಆಗಬೇಕು, ದ್ವಿಪಕ್ಷೀಯ ಹಾಗೂ ವಿವಾದಾತ್ಮಕ ವಿಷಯಗಳನ್ನು ಚರ್ಚೆಯಿಂದ ಹೊರಗಿಡಬೇಕು. ಈ ವಿಧಿಯಿಲ್ಲದೆ ಸಂಘಟನೆ ಜನ್ಮತಾಳುವುದು ಕಷ್ಟವಾಗಿತ್ತು ಎಂಬುದನ್ನು ಮರೆಯಲಾಗದು.

ಆದರೆ ರಾಜಕೀಯವನ್ನು ಬದಿಗಿಟ್ಟು ಆರ್ಥಿಕ ಸಹಕಾರವನ್ನು ಬೆಳೆಸಬಹುದೆಂಬ ಎಣಿಕೆಗೆ ಪ್ರದೇಶದ ಇತಿಹಾಸವೇ ಪ್ರತಿಕೂಲವಾಗಿತ್ತು. ದೇಶವಿಭಜನೆಯ ಬಳಿಕ ಸೆಣಬು ಬೆಳೆಯುವ ಮುಖ್ಯ ಪ್ರದೇಶ ಪೂರ್ವ ಬಂಗಾಳದಲ್ಲಿಯೂ ಸೆಣಬಿನ ಗಿರಣಿಗಳು ಕಲ್ಕತ್ತೆಯ ಸುತ್ತಲೂ ಉಳಿದವು. 1949ರ ಸೆಪ್ಟೆಂಬರ್‌ನಲ್ಲಿ ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಪಾಕಿಸ್ತಾನ ಅದನ್ನು ಅನುಸರಿಸಲಿಲ್ಲ. ವಿನಿಮಯ ದರದ ಈ ವಿವಾದದಿಂದ ವ್ಯಾಪಾರ ಸ್ತಬ್ಧಗೊಂಡಿತು. ಮುಂದೆ ಭಾರತ ಸೆಣಬಿನ ಬೇಸಾಯವನ್ನು ವಿಸ್ತರಿಸಿತು, ಪೂರ್ವ ಬಂಗಾಳದಲ್ಲಿ ಹೊಸ ಗಿರಣಿಗಳು ತಲೆಯೆತ್ತಿದವು. ಒಂದಕ್ಕೊಂದು ಪೂರಕವಾಗಿದ್ದ ಅರ್ಥವ್ಯವಸ್ಥೆಗಳು ಪರಸ್ಪರ ಸ್ಪರ್ಧಿಗಳಾಗಿ ಮಾರ್ಪಟ್ಟವು.

ಸಾರ್ಕ್‌ನ ಆರಂಭಿಕ ಸಹಕಾರ ಕ್ಷೇತ್ರಗಳಲ್ಲಿ ಕೃಷಿ, ಆರೋಗ್ಯ, ಹವಾಮಾನ ಮುಂತಾದವು ಸೇರಿದ್ದವು, ವಾಣಿಜ್ಯಕ್ಕೆ ಸ್ಥಾನವಿರಲಿಲ್ಲ. ಆದ್ಯತಾ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದುದು 1993ರಲ್ಲಿ. 2004ರಲ್ಲಿ ಇಸ್ಲಾಮಾಬಾದಿನಲ್ಲಿ ಅಂಗೀಕೃತವಾದ ಮುಕ್ತ ವ್ಯಾಪಾರ ಒಪ್ಪಂದ (ಸಾಫ್ಟಾ) 2006ರಲ್ಲಿ ಜಾರಿಗೆ ಬಂದಿತಾದರೂ, ಪ್ರತಿಯೊಂದು ರಾಷ್ಟ್ರವೂ ದೀರ್ಘವಾದ ‘ಸೂಕ್ಷ್ಮ ಸರಕುಗಳ ಪಟ್ಟಿ’ಯನ್ನು ಸುಂಕ ಕಡಿತದಿಂದ ಹೊರಗಿರಿಸಿಕೊಂಡಿತು. ವಿಶ್ವಬ್ಯಾಂಕಿನ ಅಂದಾಜಿನಂತೆ ದಕ್ಷಿಣ ಏಷ್ಯಾದ ಒಟ್ಟು ವ್ಯಾಪಾರದಲ್ಲಿ ಅಂತರ್‌ಪ್ರಾದೇಶಿಕ ಪಾಲು ಶೇ. 5ರಷ್ಟು ಮಾತ್ರ, ಆಸಿಯಾನ್ ಪ್ರದೇಶದಲ್ಲಿ ಅದು ಶೇ. 25ರಷ್ಟಿದೆ.

ಭೂಗೋಳವೂ ಇಲ್ಲಿ ನಿರ್ಣಾಯಕ. ಭಾರತವನ್ನುಳಿದ ಆರು ಸ್ಥಾಪಕ ರಾಷ್ಟ್ರಗಳಲ್ಲಿ ಯಾವ ಎರಡಕ್ಕೂ ಪರಸ್ಪರ ಭೂಗಡಿಯಿಲ್ಲ. ನೇಪಾಳದ ಸರಕು ನೆಲದ ಹಾದಿಯಲ್ಲಿ ಬಾಂಗ್ಲಾದೇಶವನ್ನು ತಲುಪಬೇಕಾದರೆ ಭಾರತದ ನೆಲವನ್ನು ಹಾಯಲೇಬೇಕು. ಹೀಗಾಗಿ ಭಾರತದೊಂದಿಗಿನ ಯಾವುದೇ ದ್ವಿಪಕ್ಷೀಯ ವಿವಾದವೂ ಪ್ರಾದೇಶಿಕ ಅಡಚಣೆಯಾಗಿ ಪರಿಣಮಿಸುತ್ತದೆ.

2007ರಲ್ಲಿ ಅಫ್ಘಾನಿಸ್ತಾನ ಸೇರಿ ಸದಸ್ಯ ರಾಷ್ಟ್ರಗಳು ಎಂಟಾದವು. 2014ರ ಕಠ್ಮಂಡು ಸಭೆಯಲ್ಲಿ ವಿದ್ಯುತ್ ಸಹಕಾರ ಒಪ್ಪಂದ ಅಂಗೀಕಾರವಾದರೂ, ಪಾಕಿಸ್ತಾನ ಸಮ್ಮತಿಸದ ಕಾರಣ ಮೋಟಾರು ವಾಹನ ಮತ್ತು ರೈಲು ಒಪ್ಪಂದಗಳು ನಿಂತುಹೋದವು. 2016ರ ಉರಿ ದಾಳಿಯ ನಂತರ ಇಸ್ಲಾಮಾಬಾದ್ ಸಭೆ ರದ್ದಾಯಿತು. ಅಲ್ಲಿಂದೀಚೆಗೆ ಶೃಂಗಸಭೆ ನಡೆದಿಲ್ಲ. ಸಹಕಾರ ಅನ್ಯ ಮಾರ್ಗಗಳನ್ನು ಹುಡುಕಿಕೊಂಡಿತು. 2015ರಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ ಮತ್ತು ನೇಪಾಳ ತಮ್ಮೊಳಗೇ ವಾಹನ ಸಂಚಾರ ಒಪ್ಪಂದ ಮಾಡಿಕೊಂಡವು. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವ್ಯಾಟ್ ವಿದ್ಯುತ್ ಭಾರತದ ಜಾಲದ ಮೂಲಕ ಬಾಂಗ್ಲಾದೇಶಕ್ಕೆ ಮೊದಲ ಬಾರಿಗೆ ಹರಿಯಿತು.

ಎರಡಕ್ಕಿಂತ ಹೆಚ್ಚು, ಆದರೆ ಎಲ್ಲ ಸದಸ್ಯರೂ ಒಳಗೊಳ್ಳದ ಯೋಜನೆಗಳಿಗೆ ಕ್ರಿಯಾಸಮಿತಿ ರಚಿಸಲು ಸನ್ನದಿನ ಏಳನೆಯ ವಿಧಿಯೇ ಅವಕಾಶ ನೀಡಿದೆ ಎಂಬುದು ಗಮನಾರ್ಹ. ಅಂದರೆ ಇಂತಹ ಭಾಗಶಃ ಸಹಕಾರ ಸಾರ್ಕ್‌ನ ಕಲ್ಪನೆಗೆ ಹೊರತಾದುದಲ್ಲ. ಆದರೆ ಆ ಸಮಿತಿಯ ರಚನೆಗೂ ಹತ್ತನೆಯ ವಿಧಿಯ ಸರ್ವಾನುಮತ ಬೇಕು. ಸಂಘಟನೆಯನ್ನು ಸಾಧ್ಯವಾಗಿಸಿದ ಸೂತ್ರವೇ ಅದರ ಬೆಳವಣಿಗೆಯನ್ನು ಕಟ್ಟಿಹಾಕಿತು. ಹತ್ತನೆಯ ವಿಧಿಯನ್ನು ಸಡಿಲಿಸದೆ ಏಳನೆಯ ವಿಧಿಗೆ ಜೀವ ಬರಲಾರದು.