ತೊಳೆಯುವ ನೆಲ, ಒರೆಸುವ ನೆಲ

ಹೊರನಾಡಿನ ನಮ್ಮ ಮನೆಗಳಲ್ಲಿ ಇದು ನೆಲ ಬದಲಾಗುತ್ತಿರುವ ಕಾಲ. ಮುಂಬಯಿ, ಪುಣೆಗಳ ಹಳೆಯ ಚಾಳುಗಳು ರಿಡೆವಲಪ್‌ಮೆಂಟಿಗೆ ಹೋಗಿ, ಅದೇ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ಹೊಸ ಮನೆಯ ಕೀಲಿಕೈ ಸಿಗುವ ಹೊತ್ತಿಗೆ ನೆಲಕ್ಕೆ ಏನು ಹಾಸುವುದೆಂಬ ಪ್ರಶ್ನೆ ಎದುರಾಗುತ್ತದೆ. ಈಚಿನ ವರ್ಷಗಳಲ್ಲಿ ಟೈಲು, ಮಾರ್ಬಲ್ಲುಗಳ ಪಕ್ಕದಲ್ಲಿ ಎಂಜಿನಿಯರ್ಡ್ ಮರದ ನೆಲವೂ ಬಂದು ನಿಂತಿದೆ. ಅಂಗಡಿಯವರು ಬಣ್ಣ, ಹೊಳಪುಗಳ ಮಾತಾಡುತ್ತಾರೆ. ಚರಿತ್ರೆಯನ್ನು ಕೇಳಿದರೆ ಅದು ಮೊದಲು ನೀರಿನ ಮಾತೆತ್ತುತ್ತದೆ.

ನಮ್ಮ ಪರಂಪರೆಯ ನೆಲಗಳೆಲ್ಲ ನೀರಿನ ನೆಂಟರು. ಸಗಣಿಯ ನೆಲವನ್ನು ನೀರು ಬೆರೆಸಿಯೇ ಸಾರಿಸಬೇಕು. ಗಾರೆಯ ನೆಲ, ಕಾವಿಯ ನೆಲ, ಆಮೇಲೆ ಬಂದ ಕೆಂಪು ಆಕ್ಸೈಡಿನ ನೆಲ, ಎಲ್ಲವೂ ಒರೆಸಿದಷ್ಟೂ ತೊಳೆದಷ್ಟೂ ಮಿರುಗುವಂಥವು. ಹಬ್ಬದ ಮುನ್ನಾದಿನ ಬಿಂದಿಗೆಗಟ್ಟಲೆ ನೀರು ಸುರಿದು, ತೆಂಗಿನ ಪೊರಕೆಯಿಂದ ತಿಕ್ಕಿ, ಬಚ್ಚಲ ಕಿಂಡಿಯತ್ತ ತಳ್ಳುವುದು ಎಷ್ಟೋ ಮನೆಗಳ ಪದ್ಧತಿ. ಶುಚಿ ಎಂದರೆ ತೇವ ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಇಳಿದಿದೆ.

ನಾವು ಹೊರನಾಡಿಗೆ ಬಂದಾಗಲೂ ಈ ನೆಲ ನಮ್ಮೊಡನೆ ಬಂತು. ಕೆಲವು ಕಡೆ ನಮಗಿಂತ ಮೊದಲೇ ಬಂದಿತ್ತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಆ ದಾರಿಯ ಮೇಲೆಯೇ ಕಲಬುರಗಿಗೂ ವಾಡಿಗೂ ನಡುವೆ ಶಹಾಬಾದ್ ಇದೆ. ಭೀಮಾ ತೀರದ ಈ ಪ್ರದೇಶದ ಸುಣ್ಣದಕಲ್ಲು ಪದರಪದರವಾಗಿ ಏಳುವಂಥದ್ದು. ಹೆಚ್ಚು ಕೆತ್ತದೆಯೇ ಹಾಸುಗಲ್ಲಾಗುತ್ತದೆ. ಮುಂಬಯಿ, ಪುಣೆ, ಹೈದರಾಬಾದುಗಳ ಚಾಳು, ಶಾಲೆ, ಅಡುಗೆಮನೆ, ಅಂಗಳಗಳಲ್ಲೆಲ್ಲ ಬೂದು ಬಣ್ಣದ ಆ ಕಲ್ಲೇ ಹಾಸಿತ್ತು. ಮರಾಠಿಗರ ಬಾಯಲ್ಲಿ ಅದು ಇಂದಿಗೂ ‘ಶಹಾಬಾದಿ ಫರಶಿ’. ಕನ್ನಡ ನೆಲದ ಒಂದು ಊರು ಪರಭಾಷೆಯಲ್ಲಿ ಮನೆಯ ನೆಲಕ್ಕೇ ಹೆಸರಾಗಿ ಉಳಿದ ಬಗೆ ಇದು. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವೇ ಅದನ್ನು ಬಡವರ ಕಲ್ಲೆಂದು ಬಗೆದು, 1922ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತ್ ಕಂಪನಿಯ ಚಿತ್ತಾರದ ಸಿಮೆಂಟ್ ಟೈಲುಗಳನ್ನೂ, ಮೊಸಾಯಿಕ್ಕನ್ನೂ, ಕಡೆಗೆ ಮೊರ್ಬಿಯ ವಿಟ್ರಿಫೈಡ್ ಟೈಲುಗಳನ್ನೂ ಒಂದಾದ ಮೇಲೊಂದರಂತೆ ಮೆಚ್ಚಿಕೊಂಡೆವು. ಇವೆಲ್ಲಕ್ಕೂ ಸಮಾನವಾದ ಗುಣ ಒಂದೇ: ನೀರಿಗೆ ಹೆದರದಿರುವುದು.

ಹಾಗೆಂದು ಮರದ ನೆಲ ನಮಗೆ ಅಪರಿಚಿತವಲ್ಲ. ಮಲೆನಾಡಿನ ದೊಡ್ಡ ಮನೆಗಳ ಉಪ್ಪರಿಗೆ ಜಂತಿಯ ಮೇಲೆ ಹಲಗೆ ಹಾಸಿದ್ದೇ. ಮುಂಬಯಿಯ ಹಳೆಯ ಕಟ್ಟಡಗಳ ತೊಲೆ, ಮೆಟ್ಟಿಲು, ಮೊಗಸಾಲೆಗಳೂ ಪಶ್ಚಿಮ ಘಟ್ಟದ ಕಾಡು ಕೊಟ್ಟ ಮರದವೇ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಆ ಕಾಡಿನೊಡನೆ ನಗರದ ನಂಟು ಮತ್ತಷ್ಟು ಬಿಗಿಯಾಯಿತು. ಮುಂಬಯಿ ಗೋದಿಯಲ್ಲಿ ವಾಡಿಯಾ ಕುಟುಂಬದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ತೇಗ ಅಂಥ ಗಟ್ಟಿ ಮರ. ಆದರೂ ಉಪ್ಪರಿಗೆಯ ಹಲಗೆಯನ್ನು ನಮ್ಮ ಹಿರಿಯರು ಬಿಂದಿಗೆ ಸುರಿದು ತೊಳೆಯಲಿಲ್ಲ. ಅಲ್ಲಿ ಧಾನ್ಯ ಇಟ್ಟರು, ಹಾಸಿಗೆ ಹಾಕಿದರು, ಗುಡಿಸಿ ಬಟ್ಟೆಯಲ್ಲಿ ಒರೆಸಿದರು. ನೀರಿನ ಕೆಲಸವೆಲ್ಲ ಕೆಳಗಿನ ಕಲ್ಲಿನ ಮೇಲೆ ನಡೆಯಿತು. ಒಂದೇ ಮನೆಯಲ್ಲಿ ಎರಡು ನೆಲ, ಎರಡು ನಡವಳಿಕೆ: ಈ ವಿವೇಕವನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಫ್ರಾನ್ಸಿನ ಅರಮನೆಯವರೂ ಇದೇ ಪಾಠವನ್ನು ತಿರುವುಮುರುವಾಗಿ ಕಲಿತರು. ವರ್ಸೇಲ್ಸಿನ ಅಮೃತಶಿಲೆಯ ನೆಲಗಳನ್ನು ಪದೇಪದೇ ತೊಳೆಯಬೇಕಾಗಿ, ನೀರು ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಅಮೃತಶಿಲೆಯ ಬದಲು ಮರದ ತುಂಡುಗಳನ್ನು ಚೌಕಚೌಕವಾಗಿ ಹೆಣೆದ ಪಾರ್ಕೆ ನೆಲ ಬಂತು. ತೊಳೆಯುವುದು ನಿಂತು, ಮೇಣ ಹಚ್ಚಿ ಉಜ್ಜುವುದು ಆರಂಭವಾಯಿತು.

ಆದರೆ ಗಟ್ಟಿ ಮರದ ಹಲಗೆಗೆ ಒಂದು ಸ್ವಭಾವವಿದೆ. ಅದು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಚಲನೆ ನಗಣ್ಯ. ಎಳೆಗೆ ಅಡ್ಡಲಾಗಿ ಮಾತ್ರ ಗಣನೀಯ. ಆದ್ದರಿಂದ ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿದರೆ, ಒಂದು ಪದರದ ಉದ್ದ ಇನ್ನೊಂದರ ಅಗಲವನ್ನು ಹಿಡಿದು ನಿಲ್ಲಿಸುತ್ತದೆ. ಈ ಉಪಾಯ ಪುರಾತನವಾದದ್ದು. ಈಜಿಪ್ಟಿನ ಸಕ್ಕಾರಾದಲ್ಲಿ ಮೂರನೆಯ ರಾಜವಂಶದ ಕಾಲದ, ಆರು ಪದರಗಳ ಹಲಗೆಯ ಶವಪೆಟ್ಟಿಗೆ ದೊರೆತಿದೆ. ಅದನ್ನು ಮನೆಯ ನೆಲಕ್ಕೆ ಹೊಂದಿಸಿದ ಹೆಸರುಗಳಲ್ಲಿ ಮುಖ್ಯವಾದದ್ದು ಸ್ವೀಡನ್ನಿನ ನೀಬ್ರೂ ಊರಿನ ಗುಸ್ತಾಫ್ ಕೇರ್. ಚಳಿಗಾಲದಲ್ಲಿ ಮನೆಯೊಳಗೆ ಕಾಯಿಸಿದ ಒಣ ಗಾಳಿ, ಬೇಸಿಗೆಯಲ್ಲಿ ತೇವದ ಗಾಳಿ. ಅಂಥ ನಾಡಿನಲ್ಲಿ ಹಲಗೆಗಳ ನಡುವೆ ಬಿರುಕು ತೆರೆಯುವುದು ಸಹಜ. 1941ರಲ್ಲಿ ಪದರಗಳ ನೆಲಹಲಗೆಗೆ ಆತ ಪೇಟೆಂಟ್ ಪಡೆದ. ಇಂದು ‘ಎಂಜಿನಿಯರ್ಡ್’ ಎಂದು ಮಾರಾಟವಾಗುವ ಮರದ ನೆಲ ಈ ವಂಶದ್ದೇ.

ನಮ್ಮಲ್ಲಿಯೂ ಪದರಮರದ ವಿದ್ಯೆಗೆ ನೆಲೆ ಸಿಕ್ಕಿತು. ಪ್ಲೈವುಡ್ ಉದ್ಯಮದ ಸಂಶೋಧನಾ ಸಂಸ್ಥೆ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಕಾಡಿನ ಮರ ಕಡಿಯುವುದನ್ನು ಬಿಗಿಯಾಗಿ ತಡೆದ ಮೇಲೆ, ಈ ಉದ್ಯಮ ರೈತರ ಹೊಲದ ಪಾಪ್ಲರ್, ನೀಲಗಿರಿಗಳತ್ತ ಹೆಚ್ಚು ಹೊರಳಿತು. ಇಡೀ ಹಲಗೆಯನ್ನು ತೇಗದಿಂದ ಮಾಡುವ ಬದಲು ಮೇಲ್ಪದರಕ್ಕಷ್ಟೇ ತೇಗ ಬಳಸುವುದರಲ್ಲಿ ಕಾಡಿನ ಹಿತವೂ ಇದೆ.

ಇನ್ನು ಆಯ್ಕೆಯ ಮಾತು. 1977ರಲ್ಲಿ ಸ್ವೀಡನ್ನಿನದೇ ಪೆರ್‌ಸ್ಟಾರ್ಪ್ ಕಂಪನಿ ಕಂಡುಹಿಡಿದ ಲ್ಯಾಮಿನೇಟ್ ನೆಲ ನೋಡಲು ಮರದಂತಿದ್ದರೂ, ಅದರ ಮೇಲಿರುವುದು ಮರದ ಚಿತ್ರ ಅಚ್ಚಾದ ಕಾಗದ. ಎಂಜಿನಿಯರ್ಡ್ ನೆಲದ ಮೇಲ್ಪದರ ನಿಜವಾದ ಮರ. ಹಲಗೆಯ ಅಂಚನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆ ಮೇಲ್ಪದರದ ದಪ್ಪವೇ ನಾವು ಕೊಳ್ಳುವ ಆಯುಷ್ಯ. ಅದು 1 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಗೀರು ಬಿದ್ದ ಮೇಲೆ ಉಜ್ಜಿ ಹೊಸತಾಗಿಸಲು ಆಗದು. 3ರಿಂದ 4 ಮಿಲಿಮೀಟರಿದ್ದರೆ ಒಂದೆರಡು ಬಾರಿಯಾದರೂ ಉಜ್ಜಿ, ಮತ್ತೆ ಲೇಪನ ಕೊಟ್ಟು, ಮಕ್ಕಳ ಕಾಲಕ್ಕೂ ಉಳಿಸಬಹುದು. ಒಳಗಿನ ತಿರುಳು ಏನೆಂಬುದನ್ನೂ ಕೇಳಬೇಕು. ಒತ್ತಿದ ನಾರಿನ ತಿರುಳು ನೀರು ಕುಡಿದರೆ ಉಬ್ಬಿ ಮತ್ತೆ ಇಳಿಯದು; ತೇವ ತಡೆಯುವ ಅಂಟಿನಿಂದ ಮಾಡಿದ ಒಳ್ಳೆಯ ಪ್ಲೈ ನಮ್ಮ ಹವೆಗೆ ಮೇಲು. ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಕಡಿಮೆಯಿರುವ ಇ1 ದರ್ಜೆಯ ಗುರುತು ಇದೆಯೇ ಎಂದು ನೋಡುವುದು ಮುಚ್ಚಿದ ಕೋಣೆಗಳಲ್ಲಿ ಬಾಳುವವರಿಗೆ ಅಗತ್ಯ.

ಊರು ಯಾವುದೆಂಬುದೂ ಮುಖ್ಯ. ಮುಂಬಯಿ, ಚೆನ್ನೈಗಳ ಕಷ್ಟ ಬಿಡದ ತೇವ. ದೆಹಲಿಯ ಕಷ್ಟ ಏರುಪೇರು: ಮೇ ತಿಂಗಳ ಒಣ ಬಿಸಿಗಾಳಿಯಲ್ಲಿ ಕುಗ್ಗಿದ ಹಲಗೆ ಜುಲೈ ಬಂದೊಡನೆ ಉಬ್ಬುತ್ತದೆ. ಆದಕಾರಣ ಹಲಗೆಗಳನ್ನು ತಂದ ಮೇಲೆ ಕೆಲವು ದಿನ ಅದೇ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಬೇಕು. ಗೋಡೆಯ ಸುತ್ತ ಸುಮಾರು 10 ಮಿಲಿಮೀಟರ್ ಸಂದು ಉಳಿಸಿ, ಅದನ್ನು ಪಟ್ಟಿಯಿಂದ ಮುಚ್ಚಬೇಕು. ಸಂದನ್ನು ಉಳಿಸದ ನೆಲ ಮಳೆಗಾಲದಲ್ಲಿ ನಡುವೆ ಏಳುತ್ತದೆ. ಹೊಸ ಸಿಮೆಂಟು ಒಣಗಲು ತಿಂಗಳುಗಳೇ ಬೇಕು. ನೆಲಕ್ಕೆ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಚು ಬಿಡದಂತೆ ಅಂಟಿಸಿ, ಒಂದೆರಡು ದಿನ ಬಿಟ್ಟು ಎತ್ತಿ ನೋಡಿದಾಗ ಅಡಿಯಲ್ಲಿ ತೇವ ಕಂಡರೆ ಕೆಲಸವನ್ನು ಮುಂದೂಡುವುದೇ ಲೇಸು.

ಹಾಸಿದ ಮೇಲೆ ಬದಲಾಗಬೇಕಾದದ್ದು ನಮ್ಮ ಕೈ. ಮೆದು ಪೊರಕೆಯಲ್ಲಿ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಎಳೆಯ ಉದ್ದಕ್ಕೆ ಒರೆಸಿದರೆ ಸಾಕು. ಫಿನಾಯಿಲು, ಸೋಪಿನ ನೀರು, ಹಬೆಯ ಯಂತ್ರ ಬೇಡ. ಚೆಲ್ಲಿದ ನೀರನ್ನು ಕೂಡಲೇ ಒತ್ತಿ ತೆಗೆಯಬೇಕು. ಬಾಗಿಲಲ್ಲಿ ನಾರಿನ ಚಾಪೆ, ಕುರ್ಚಿಯ ಕಾಲಿಗೆ ಫೆಲ್ಟಿನ ತುಂಡು, ನೇರ ಬಿಸಿಲಿಗೆ ಪರದೆ ಇರಲಿ. ರಂಗೋಲಿಯ ಪುಡಿ ಕಲ್ಲಿನದು. ಮರದ ಮೇಲೆ ಅದನ್ನು ತುಳಿದಾಡಿದರೆ ಮರಳು ಕಾಗದ ಉಜ್ಜಿದಂತೆ ಗೀರು ಬೀಳುತ್ತದೆ. ಮನೆಗೆಲಸದಲ್ಲಿ ನೆರವಾಗುವವರಿಗೂ ಇದನ್ನೆಲ್ಲ ಮೊದಲೇ ತಿಳಿಸಬೇಕು. ಬಕೆಟ್ಟು ಹಿಡಿದು ಬಂದವರ ಕೈಯಲ್ಲಿ ದೋಷವಿಲ್ಲ, ಅವರು ಕಲಿತದ್ದು ಕಲ್ಲಿನ ನೆಲದ ವಿದ್ಯೆ.

ಇದೆಲ್ಲ ಬಂಧನವೆನಿಸುವವರು ಮರದ ನೆಲದ ಆಸೆಯನ್ನು ಬಿಡುವುದೇ ಒಳಿತು. ತೊಳೆಯುವ ಅಭ್ಯಾಸವನ್ನು ಬಿಡಲಾರದ ಮನೆಗೆ ಕಲ್ಲೇ ಭೂಷಣ. ಎರಡೂ ಬೇಕೆನ್ನುವವರಿಗೆ ಉಪ್ಪರಿಗೆಯ ಹಳೆಯ ವಿವೇಕವಿದೆ: ಮಲಗುವ, ಓದುವ ಕೋಣೆಗೆ ಮರ; ಹೊಸ್ತಿಲು, ದೇವರ ಮನೆ, ಅಡುಗೆಮನೆ, ಬಾಲ್ಕನಿಗೆ ಕಲ್ಲು. ಆ ಕಲ್ಲಿಗಾಗಿ ದೂರ ಹುಡುಕಬೇಕಿಲ್ಲ. ಚಾಳು ಕೆಡಹುವ ದಿನ ಜೆಸಿಬಿ ಬರುವ ಮುನ್ನ ಹೇಳಿಟ್ಟರೆ, ಹಳೆಯ ಶಹಾಬಾದಿನ ಹಾಸುಗಳಲ್ಲಿ ಕೆಲವನ್ನಾದರೂ ಒಡೆಯದೆ ಎಬ್ಬಿಸಿ ತೆಗೆದಿಡಬಹುದು. ಅಜ್ಜಿಯರು ತಿಕ್ಕಿ ನುಣುಪಾಗಿಸಿದ ಆ ಕಲ್ಲುಗಳು ಈಗ ಅವಶೇಷದ ಲಾರಿ ಏರಿ ಹೋಗುತ್ತಿವೆ. ಒಂದು ಹೊಸ್ತಿಲಿಗೆ, ಒಂದು ತುಳಸಿಕಟ್ಟೆಯ ಸುತ್ತಿಗೆ ಅವು ನಾಲ್ಕೇ ಸಾಕು.