ಮೂವರು ಲೂಯಿಗಳು: ಚಿತ್ರ ಹೇಳುವ ಇತಿಹಾಸ

ಇತಿಹಾಸದ ಪುಸ್ತಕದಲ್ಲಿ ಚಿತ್ರ ಬಂದರೆ ನಾವು ಕೆಳಗಿನ ಹೆಸರು ಓದಿ ಪುಟ ತಿರುಗಿಸುತ್ತೇವೆ. ಒಮ್ಮೆ ಫ್ರಾನ್ಸ್ ದೇಶದ, ಲೂಯಿ ಎಂಬ ಒಂದೇ ಹೆಸರಿನ ಮೂವರ ಚಿತ್ರಗಳನ್ನು ಜೊತೆಗಿಟ್ಟು ನೋಡಿ.

ಮೊದಲನೆಯದು ದೊರೆ 14ನೇ ಲೂಯಿಯದು. 1701ರಲ್ಲಿ ರಿಗೋ ಎಂಬ ಕಲಾವಿದ ರಚಿಸಿದ ಇದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅರವತ್ತು ದಾಟಿದ ದೊರೆ ಚಿನ್ನದ ಹೂಗಳ ನೀಲಿ ನಿಲುವಂಗಿ ತೊಟ್ಟು, ರಾಜದಂಡ ಊರಿ ನಿಂತಿದ್ದಾನೆ. 1693-94ರ ಬರಗಾಲದಲ್ಲಿ ಅವನ ಲಕ್ಷಾಂತರ ಪ್ರಜೆಗಳು ಸತ್ತಿದ್ದರು. ಚಿತ್ರದಲ್ಲಿ ಅದರ ಸುಳಿವೇ ಇಲ್ಲ!

ಎರಡನೆಯವರು ಲೂಯಿ ಡಾಗೆರ್. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ ಇವರ ವಿಧಾನವನ್ನು 1839ರಲ್ಲಿ ಫ್ರಾನ್ಸ್ ಸರ್ಕಾರ ಬಹಿರಂಗಪಡಿಸಿತು. 1844ರಲ್ಲಿ ಅದೇ ವಿಧಾನದಿಂದ ತೆಗೆದ ಇವರ ಭಾವಚಿತ್ರದಲ್ಲಿ ಕಿರೀಟವಿಲ್ಲ, ಸಿಂಹಾಸನವಿಲ್ಲ. ಕೋಟು ತೊಟ್ಟ ಒಬ್ಬ ನಾಗರಿಕನಿದ್ದಾನೆ. ಮುಂದೆ ಜನಸಾಮಾನ್ಯರ ಮುಖಗಳಿಗೂ ಇತಿಹಾಸದಲ್ಲಿ ಜಾಗ ಸಿಕ್ಕಿದ್ದು ಹೀಗೆ.

ಮೂರನೆಯವರು ಲೂಯಿ ಪಾಶ್ಚರ್. ಫಿನ್ಲೆಂಡಿನ ಕಲಾವಿದ ಎಡೆಲ್‌ಫೆಲ್ಟ್ 1885ರಲ್ಲಿ ಇವರನ್ನು ಪ್ರಯೋಗಾಲಯದಲ್ಲೇ ಚಿತ್ರಿಸಿದರು. ಕೈಯಲ್ಲಿ ರಾಜದಂಡದ ಬದಲು ಗಾಜಿನ ಜಾಡಿ. ಅದರೊಳಗೆ ರೇಬಿಸ್ ತಗುಲಿದ ಮೊಲದ ಬೆನ್ನುಹುರಿ. ಅಂಥ ಒಣಗಿಸಿದ ಬೆನ್ನುಹುರಿಯಿಂದಲೇ ಲಸಿಕೆ ತಯಾರಾಯಿತು. ಅದೇ ವರ್ಷ ಜುಲೈನಲ್ಲಿ, ಹುಚ್ಚುನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕ ಆ ಲಸಿಕೆ ಪಡೆದು ಬದುಕುಳಿದನು. ದೊರೆ ನಮ್ಮತ್ತ ನೋಡುತ್ತಾನೆ. ಪಾಶ್ಚರ್ ನೋಡುವುದು ಜಾಡಿಯನ್ನು.

ಆದ್ದರಿಂದ ಮಕ್ಕಳಿಗೆ ಚಿತ್ರ ತೋರಿಸುವಾಗ ಇವರು ಯಾರು ಎಂದಷ್ಟೇ ಕೇಳಬೇಡಿ. ಕೈಯಲ್ಲಿ ಏನಿದೆ, ಚಿತ್ರದಿಂದ ಯಾರನ್ನು ಹೊರಗಿಡಲಾಗಿದೆ ಎಂದೂ ಕೇಳಿರಿ. ಇತಿಹಾಸದ ಪಾಠ ಅಲ್ಲಿಂದ ಆರಂಭವಾಗುತ್ತದೆ.